ರಸ್ತೆಯಾಚೆಯಿಂದ ಆರಿಸಿದ ಪರದೆ

ಸಂಸೆ
18 ಜನವರಿ 2025

ಲೈನ್‌ಮನೆ ಹಕ್ಕು ಸಮಿತಿಯ ಕಾರ್ಯದರ್ಶಿಗಳಾದ ಶಶಿಧರ್ ಅವರಿಗೆ,

ಕೊಡುತ್ತೇವೆ ಎಂದದ್ದು: ನಮ್ಮ 'ಲೈನ್‌ಮನೆ ಮಾತು' ಪತ್ರಿಕೆಯ ಪುಟ ಕಟ್ಟಲು ಕಂಪ್ಯೂಟರಿಗೆ ಒಂದು ದೊಡ್ಡ ಪರದೆ. ಅದನ್ನಿಡಲು ಗಟ್ಟಿ ಮೇಜು. ಕರೆಂಟು ಹೋದಾಗ ಕೆಲಸ ನಿಲ್ಲದ ಹಾಗೆ ಬ್ಯಾಟರಿ. ಮೇ ಒಂದಕ್ಕೆ ಬರುವ ಪುಸ್ತಕದ ಪುಟಗಳನ್ನು ನಾನೇ ಕಟ್ಟುತ್ತೇನೆ ಎಂಬ ಒಪ್ಪಿಗೆ.

ಕೊಟ್ಟದ್ದು: ಮೇಜು.

ಇಲ್ಲ ಎಂದದ್ದು: ಪರದೆ.

ಉಳಿದ ಎರಡಕ್ಕೆ ಹೌದೂ ಇಲ್ಲ, ಇಲ್ಲವೂ ಇಲ್ಲ.

ಮೇಜು ಚೆನ್ನಾಗಿದೆ. ಪರದೆ ಬರುವವರೆಗೆ ಖಾಲಿ ಯಾಕಿರಬೇಕು ಎಂದು ಪಕ್ಕದ ಮನೆಯ ತಂಗಮ್ಮಕ್ಕ ಅದರ ಮೇಲೆ ಕಾಳುಮೆಣಸು ಹರವಿದ್ದಾಳೆ.

ಹೋದ ಮೇ ದಿನ ಮೂಡಿಗೆರೆಯಲ್ಲಿ ಮೈಕಿನ ಮುಂದೆ ನಿಂತು ಮಾತು ಕೊಟ್ಟವರು ನೀವು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ನಮ್ಮ ಹಳೆಯ ಗೋಡೆ ಪತ್ರಿಕೆಗಳನ್ನೂ, ಲೈನ್‌ಮನೆಗಳಲ್ಲಿ ಬಾಳಿದವರ ಮಾತನ್ನೂ ಸೇರಿಸಿ ಪುಸ್ತಕ ಮಾಡಿ ಎಂದವರೂ ನೀವೇ. ಎಸ್ಟೇಟಿನವರು ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಆ ಒಂದೊಂದು ಕೋಣೆಯ ಮನೆಗಳ ಕಥೆಯನ್ನು ಈ ಅಂಗೈಯಗಲದ ಲ್ಯಾಪ್‌ಟಾಪಿನಲ್ಲಿ ಕಟ್ಟಲಾಗುವುದಿಲ್ಲ. ಪುಟ ಪೂರ್ತಿ ನೋಡಹೊರಟರೆ ಅಕ್ಷರವೆಲ್ಲ ಇರುವೆಸಾಲು. ಅಕ್ಷರ ಕಾಣುವಷ್ಟು ಹಿಗ್ಗಿಸಿದರೆ ಪುಟ ಪರದೆಯಿಂದ ಹೊರಗೆ ಬೀಳುತ್ತದೆ.

ಇದು ವಿನಂತಿಯಲ್ಲ. ಬೇಡಿಕೆ.

ಸುಭದ್ರಾ


ಚಿಕ್ಕಮಗಳೂರು
27 ಜನವರಿ 2025

ಸುಭದ್ರಾ,

'ಕಾರ್ಯದರ್ಶಿಗಳಾದ ಶಶಿಧರ್ ಅವರಿಗೆ' ಅಂತೆ! ಮಲ್ಲಂದೂರಿನ ನಮ್ಮ ಮನೆಯಲ್ಲಿ ನನ್ನ ತಟ್ಟೆಯಿಂದ ಕಡುಬು ಕದ್ದು ತಿಂದವಳು ಈಗ ಬಹುವಚನ ಹಚ್ಚುತ್ತೀಯಾ, ಮಾರಾಯ್ತಿ?

ನಿನ್ನ ಕವರು ಬಸ್ ಏಜೆಂಟ್ ಲಿಂಗಪ್ಪನ ಕೈಯಿಂದ ಬಂತು. ಅಂಚೆಗಿಂತ ಕಳಸದ ಬಸ್ಸನ್ನೇ ನೀನು ಈಗಲೂ ನಂಬುವುದು ನೋಡಿ ಖುಷಿಯಾಯಿತು. ಆದರೆ ಅದೇನು ಬರವಣಿಗೆ? ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಒಂದು ಹಾಳೆಗೆ ಏಳೆಂಟು ಸಾಲು, ಒಂದೊಂದು ಅಕ್ಷರವೂ ಹೆಬ್ಬೆರಳ ಗಾತ್ರ. ಕವರಿನೊಳಗೆ ದಪ್ಪ ಕಟ್ಟೇ ಇತ್ತು. ಇಷ್ಟು ಸಿಟ್ಟು ಬೇಡ. ಕೂಗಿ ಬರೆದರೆ ಮಾತ್ರ ನನಗೆ ಕೇಳಿಸುತ್ತದೆ ಎಂದುಕೊಂಡೆಯಾ?

ಆದರೂ ಆ ಅಕ್ಷರ ನೋಡಿ ಗೋಣಿಬೀಡು ನೆನಪಾಯಿತು. ಬಸ್‌ಸ್ಟ್ಯಾಂಡಿನ ಎದುರಿನ ಗೋಡೆ, ಡಾಲ್ಡಾ ಡಬ್ಬದಲ್ಲಿ ಮೈದಾ ಅಂಟು, ನಿನ್ನ ಮೊಣಕೈವರೆಗೆ ಕೆಂಪು ಬಣ್ಣ. ನಮ್ಮ ನಿಯಮ ನೆನಪಿದೆಯಾ? ಬರೆದ ಪೋಸ್ಟರನ್ನು ನೀನು ಗೋಡೆಗೆ ಹಿಡಿದು ನಿಲ್ಲಬೇಕು, ನಾನು ರಸ್ತೆಯಾಚೆ ಹೋಗಿ ಗಟ್ಟಿಯಾಗಿ ಓದಬೇಕು. ರಸ್ತೆಯಾಚೆಯಿಂದ ಓದಲಾಗದ ಪೋಸ್ಟರು ಗೋಡೆಗೆ ಏರಬಾರದು. ಒಮ್ಮೆ ನಡುವೆ ಮರದ ಲಾರಿ ನಿಂತುಬಿಟ್ಟು, ಲಾರಿ ಹೋಗುವ ತನಕ ನೀನು ಕೈ ಎತ್ತಿ ಹಿಡಿದೇ ನಿಂತಿದ್ದೆ. ಇಳಿಸಿದ್ದರೆ ಏನು ಹೋಗುತ್ತಿತ್ತು ಎಂದು ಕೇಳಿದ್ದಕ್ಕೆ, 'ಗೋಡೆ ಎಸ್ಟೇಟಿನವರದ್ದಾಗಿಬಿಡ್ತಿತ್ತು' ಅಂದೆ.

ಪರದೆಯ ವಿಷಯ. ಸಮಿತಿಯಲ್ಲಿ ಎತ್ತಿದೆ. ಈಗ ಎಲ್ಲರೂ ಮೊಬೈಲಿನಲ್ಲೇ ಓದುತ್ತಾರೆ, ಪುಟ ಕಟ್ಟಲು ಅಷ್ಟು ದೊಡ್ಡದು ಯಾಕೆ, ಸುಭದ್ರಾ ಸಿನಿಮಾ ಟಾಕೀಸು ಇಡ್ತಾರಾ ಅಂತ ನಕ್ಕರು. ನಾನು ಬಿಟ್ಟಿಲ್ಲ, ಕೇಳುತ್ತಲೇ ಇರುತ್ತೇನೆ. ಅಲ್ಲಿಯವರೆಗೆ ಒಂದು ದಾರಿ: ನೀನು ಮಾತುಗಳನ್ನು ಹಾಗೇ ಕಳಿಸು, ಪುಟಗಳನ್ನು ಇಲ್ಲೇ ಪೇಟೆಯ ಡಿಟಿಪಿ ಸೆಂಟರಿನವರು ಕಟ್ಟಿಕೊಡುತ್ತಾರೆ. ನಿನಗೂ ಹಗುರ. ಸುಮ್ಮನೆ ಯೋಚಿಸು.

ಫೋನು ಯಾಕೆ ಎತ್ತುವುದಿಲ್ಲ? ಕಳಿಸಿದ ಮೆಸೇಜೂ ನೋಡಿಲ್ಲ ಎಂದು ತೋರಿಸುತ್ತದೆ.

ಶಶಿ


ಸಂಸೆ
2 ಫೆಬ್ರವರಿ 2025

ಶಶಿ,

ಬಹುವಚನ ವಾಪಸು ತೆಗೆದುಕೊಂಡೆ. ಬೇಡಿಕೆ ತೆಗೆದುಕೊಂಡಿಲ್ಲ.

ಡಿಟಿಪಿ ಸೆಂಟರ್ ಎಂದೆಯಲ್ಲ. ಹೋದ ವರ್ಷ ಜ್ವರ ಬಂದು ಮಲಗಿದ್ದಾಗ ಒಂದು ಸಂಚಿಕೆ ಅಲ್ಲಿಗೆ ಹೋಗಿತ್ತು. ಅದರಲ್ಲಿ ತಂಗಮ್ಮಕ್ಕನ ಮಾತಿತ್ತು. ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಜೀವಮಾನವೆಲ್ಲ ಕಾಫಿ ಕುಯ್ದು, ಈಗ ಇಲ್ಲಿ ನನ್ನ ಪಕ್ಕದಲ್ಲಿ ಮಗಳ ಮನೆಯಲ್ಲಿರುವ ಅದೇ ತಂಗಮ್ಮಕ್ಕ. ಅವಳು ಹೇಳಿದ್ದು, ನಾನು ಬರೆದುಕೊಂಡದ್ದು ಹೀಗಿತ್ತು:

'ಮಳೆ ಬಂದ್ರೆ ಕೂಲಿ ಇಲ್ಲ, ಮಳೆ ಬರ್ದಿದ್ರೆ ಕಾಫಿ ಇಲ್ಲ. ಎರಡೂ ಸರಿ ಇದ್ದ ದಿನ ರೈಟರಿಗೆ ಸಿಟ್ಟು. ನಾವು ಯಾವ ದಿನ ನೋಡ್ಕೊಂಡು ಹಡೀಬೇಕಿತ್ತು?'

ಅಚ್ಚಾಗಿ ಬಂದದ್ದು: 'ಮಹಿಳಾ ಕಾರ್ಮಿಕರಿಗೆ ಹೆರಿಗೆ ಸೌಲಭ್ಯದ ಕೊರತೆ ಇತ್ತು.'

ಓದಿ ಹೇಳಿದೆ. ತಂಗಮ್ಮಕ್ಕ ಅಡಿಕೆ ಕತ್ತರಿಸುತ್ತ ಕೇಳಿದಳು: 'ಇದ್ಯಾರು ಹೇಳಿದ್ದು? ಪಾಪ, ಭಾರೀ ಓದಿದ ಹೆಂಗಸು. ಅವಳು ಹಡೆದೇ ಇಲ್ಲ ಕಾಣ್ತದೆ.'

ಮೂವತ್ತು ವರ್ಷ ನಾವು ಹೊಡೆದಾಡಿದ್ದು ಯಾಕೆ? ತೋಟದ ಲೆಕ್ಕ ಬರೆಯುವ ರೈಟರು ಕೂಲಿಯವರ ಮಾತನ್ನು ತನ್ನ ಮಾತಾಗಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ, ಅದಕ್ಕೆ. ಈಗ ಸಮಿತಿಯೇ ದುಡ್ಡು ಕೊಟ್ಟು ಹೊಸ ರೈಟರನ್ನು ಇಟ್ಟುಕೊಳ್ಳುವುದಾದರೆ ಗೋಣಿಬೀಡಿನ ಗೋಡೆಯ ಮುಂದೆ ಮಂಡಿಯೂರಿ ಕ್ಷಮೆ ಕೇಳಿ, ಆಮೇಲೆ ಇಟ್ಟುಕೊಳ್ಳಿ.

ಈ ಪುಟಗಳನ್ನು ನಾನು ಕಟ್ಟುತ್ತೇನೆ. ಒಂದೊಂದು ಅಕ್ಷರ ನೋಡಿ ಕಟ್ಟುತ್ತೇನೆ. ನನ್ನಿಂದ ಅದನ್ನು ತೆಗೆದರೆ ನನಗೆ ಉಳಿಯುವುದು ಸಭೆಯ ಮುಂದಿನ ಸಾಲಿನ ಕುರ್ಚಿ ಮಾತ್ರ. ಆ ಕುರ್ಚಿಯಲ್ಲಿ ಕುಳಿತವರು ಹೇಗೆ ಒಣಗುತ್ತಾರೆ ಎಂದು ನಾನೂ ನೋಡಿದ್ದೇನೆ, ನೀನೂ ನೋಡಿದ್ದೀಯ.

ಲಾರಿಯ ಕಥೆ ಅರ್ಧ ಹೇಳಿದ್ದೀಯ. ಲಾರಿ ಹೋದ ಮೇಲೆ ನೀನು ಓದಿದ್ದು ತಪ್ಪು. 'ಲೈನ್‌ಮನೆಗೆ ಬಾಗಿಲು ಬೇಕು' ಎಂದು ನಾನು ಬರೆದಿದ್ದೆ. ನೀನು 'ಬಾಗಿಲು' ಬಿಟ್ಟು ಓದಿ, ಚೆನ್ನಾಗಿದೆ ಹಚ್ಚು ಎಂದು ಕೂಗಿದೆ. ದೂರದಿಂದ ನಿನಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

ಅಕ್ಷರ ದಪ್ಪ ಎಂದೆ. ಸಿಟ್ಟೆಂದುಕೊ. ಫೋನಿಗೆ ಇಲ್ಲಿ ಟವರು ಸಿಕ್ಕುವುದಿಲ್ಲ.

ಸುಭದ್ರಾ


ಚಿಕ್ಕಮಗಳೂರು
24 ಫೆಬ್ರವರಿ 2025

ಸುಭದ್ರಾ,

ಗೆದ್ದೆ! ನಿನ್ನ ಪತ್ರವನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿದೆ. ತಂಗಮ್ಮಕ್ಕನ ಮಾತು ಬಂದಾಗ, ನಗುತ್ತಿದ್ದವರೇ ಇನ್ನೊಮ್ಮೆ ಓದು ಅಂದರು. ಪರದೆಗೆ ಒಪ್ಪಿಗೆ.

ಆರಿಸುವ ಕೆಲಸ ನಾನೇ ವಹಿಸಿಕೊಂಡೆ. ಮಾರ್ಕೆಟ್ ರಸ್ತೆಯಲ್ಲಿ ರವಿ ಎಂಬ ಹುಡುಗನ ಕಂಪ್ಯೂಟರ್ ಅಂಗಡಿ ಇದೆ. ಗೋಡೆ ತುಂಬ ಪರದೆಗಳು. ಅವನು ಇಂಚು, ಚುಕ್ಕಿ, ಹೊಳಪು ಎಂದು ಏನೇನೋ ಶುರು ಮಾಡಿದ. ನಾನು, ಅದೆಲ್ಲ ಇರಲಿ ಮಾರಾಯ, ಇದರಲ್ಲಿ ನಮ್ಮ ಪತ್ರಿಕೆಯ ಪುಟ ಹಾಕು ಅಂದೆ. ಹಾಕಿದ. ನಾನು ಮೆಟ್ಟಿಲಿಳಿದೆ.

'ಸಾರ್, ಎಲ್ಲಿಗೆ ಹೋಗ್ತಾ ಇದೀರಿ?'

'ರಸ್ತೆ ಆಚೆ.'

'ಯಾಕೆ ಸಾರ್?'

'ಓದೋಕೆ.'

ಎದುರಿನ ಕಾಫಿಪುಡಿ ಅಂಗಡಿಯ ಜಗಲಿ ಹತ್ತಿ ನಿಂತೆ. ಒಂದೊಂದೇ ಪರದೆಯಲ್ಲಿ ಪುಟ ಹಾಕಿಸಿದೆ. ಚಿಕ್ಕವೆಲ್ಲ ಫೇಲಾದವು. ಕೊನೆಗೆ ನಲವತ್ತಮೂರು ಇಂಚಿನದೊಂದು. ಅದರಲ್ಲಿ 'ಲೈನ್‌ಮನೆ ಮಾತು' ಎಂಬ ತಲೆಬರಹ ಹೇಗೆ ಕಂಡಿತು ಗೊತ್ತಾ, ಕಾಫಿಪುಡಿ ಅಂಗಡಿಯವನೂ ಓದಿಬಿಟ್ಟ!

ರವಿ ಒಪ್ಪಲಿಲ್ಲ. 'ಸಾರ್, ಅದು ಟಿವಿ. ಸೋಫಾದಲ್ಲಿ ಕೂತು ನೋಡೋದು. ಅಕ್ಷರದ ಕೆಲಸಕ್ಕೆ ಮಾನಿಟರೇ ಬೇರೆ ಇರ್ತದೆ. ಈ ಇಪ್ಪತ್ತೇಳು ಇಂಚಿಂದು ತಗೊಳ್ಳಿ, ಹತ್ರ ಕೂತವರಿಗೆ ಅಕ್ಷರ ಕೊರೆದಿಟ್ಟ ಹಾಗೆ ಕಾಣ್ತದೆ. ಕೆಲಸ ಮಾಡೋರು ಯಾರು, ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ' ಅಂದ. ನಾನು ಹೇಳಿದೆ, 'ಅವಳು ಗೋಡೆ ತುಂಬ ಬರೆದವಳು, ಅವಳಿಗೆ ಕಿಟಕಿ ಸಾಲುವುದಿಲ್ಲ. ದೊಡ್ಡದನ್ನೇ ಕಟ್ಟು.'

ಬಸ್ಸಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದೆಸಿ ಕಳಿಸಿದ್ದೇನೆ. ಲಿಂಗಪ್ಪ ಅದಕ್ಕೆ ಟಿಕೆಟ್ ಹರಿದನಂತೆ, 'ಸೀಟು ಹಿಡಿದ ಮೇಲೆ ಪ್ಯಾಸೆಂಜರೇ' ಅಂದನಂತೆ. ಬ್ಯಾಟರಿಯೂ ಜೊತೆಗಿದೆ.

ಇನ್ನು ನಿನಗೆ ನೆಪವಿಲ್ಲ. ಮಾರ್ಚ್ ಮುಗಿಯುವುದರೊಳಗೆ ಪುಟಗಳು ಬರಲಿ.

ನಿನ್ನ ಶಶಿ


ಸಂಸೆ
3 ಮಾರ್ಚ್ 2025

ಶಶಿ,

ಪೆಟ್ಟಿಗೆ ತಲುಪಿತು. ಒಡೆದಿಲ್ಲ. ಮೇಜು ಸಾಲಲಿಲ್ಲ, ಅದಕ್ಕೆ ಎರಡು ಹಲಗೆ ಸೇರಿಸಿದೆವು. ತಂಗಮ್ಮಕ್ಕನಿಗೆ ಬಹಳ ಇಷ್ಟವಾಗಿದೆ.

ಉಪಕಾರವಾಯಿತು.

ಸುಭದ್ರಾ


ಚಿಕ್ಕಮಗಳೂರು
20 ಮಾರ್ಚ್ 2025

ಸುಭದ್ರಾ,

ಕೇಳಿದ್ದು ಕೈಗೆ ಬಂದ ಮೇಲೆ ಬರೆದ ಪತ್ರ ಅದಾ? 'ಉಪಕಾರವಾಯಿತು' ಅಂತೆ. ನಮ್ಮ ನಡುವೆ ಆ ಮಾತು ಯಾವಾಗ ಬಂತು?

ಪುಟಗಳು ಬಂದಿಲ್ಲ. ಒಂದೂ ಇಲ್ಲ. ಸಮಿತಿಯವರು ನನ್ನ ಮುಖ ನೋಡುತ್ತಿದ್ದಾರೆ. ಪರದೆ ಇಲ್ಲ ಎಂದು ಜಗಳವಾಡಿದಳು, ಪರದೆ ಹೋಯಿತು, ಪುಟ ಎಲ್ಲಿ ಎನ್ನುತ್ತಾರೆ. ನಾನು ಏನು ಹೇಳಲಿ? ಕಳಸದ ಕಡೆ ಹೂಮಳೆ ಬಿದ್ದಿದೆಯಂತೆ. ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗಿರುವಾಗ ನಿನಗೆ ಕೂತು ಕೆಲಸ ಮಾಡಲು ಮನಸ್ಸಾಗುತ್ತಿಲ್ಲವೇನೋ, ಆ ಹೂವಿನ ವಾಸನೆಗೆ ನೀನು ಮೊದಲಿನಿಂದಲೂ ಸೋಲುವವಳು ಎಂದು ನಗಿಸಿ ತೇಲಿಸಿದೆ.

ಬೇಜಾರಾಗದಿದ್ದರೆ ಒಂದು ಮಾತು. ಸಾಕು ಅನ್ನಿಸಿದ್ದರೆ ಹೇಳು. ತಪ್ಪೇನಿಲ್ಲ. ಮೇ ಒಂದರಂದು ಪುಸ್ತಕದ ಜೊತೆ ನಿನಗೆ ಒಂದು ಸನ್ಮಾನ ಮಾಡಬೇಕೆಂದು ಎಲ್ಲರ ಆಸೆ. ಶಾಲು, ಹಾರ, ನಾಲ್ಕು ಮಾತು. ನಿನ್ನ ಮೇಲಿನ ಪ್ರೀತಿಯಿಂದಲೇ.

ಶಶಿ


ಸಂಸೆ
25 ಮಾರ್ಚ್ 2025

ಶಶಿ,

ಶಾಲು ಎಂದೆಯಲ್ಲ, ಇನ್ನು ಮುಚ್ಚಿಡುವುದಿಲ್ಲ.

ನನ್ನ ಕಣ್ಣು ಹೋಗುತ್ತಿದೆ. ಪೊರೆಯಲ್ಲ, ಕನ್ನಡಕಕ್ಕೆ ಬಗ್ಗುವುದೂ ಅಲ್ಲ. ಕಣ್ಣಿನ ಹಿಂದಿನ ಪದರ ಸವೆದಿದೆಯಂತೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸೋಣ ಎಂದು ಮಂಗಳೂರಿನ ಡಾಕ್ಟರು ಸೂಜಿ ಚುಚ್ಚುತ್ತಿದ್ದಾರೆ. ಬಲಗಣ್ಣಲ್ಲಿ ಹೇಗೆಂದರೆ, ನಾನು ಯಾವುದನ್ನು ನೋಡಬೇಕೆನ್ನುತ್ತೇನೋ ಅದೇ ಅಳಿಸಿಹೋಗುತ್ತದೆ. ಸುತ್ತಲಿನದೆಲ್ಲ ಇರುತ್ತದೆ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಎಡಗಣ್ಣು ಅಷ್ಟು ಕೆಟ್ಟಿಲ್ಲ. ಬಸ್ಸಿನ ಬೋರ್ಡನ್ನು ಓದಲಾರದ ನನಗೆ ಅಕ್ಷರ ಬಾರದ ತಂಗಮ್ಮಕ್ಕ ಬಣ್ಣ ನೋಡಿ ಬಸ್ಸು ಹೇಳುತ್ತಾಳೆ. ಫೋನಿಗೆ ಟವರು ಧಾರಾಳ ಉಂಟು. ಅದರ ಮೇಲೆ ಬರುವ ಹೆಸರು, ಅಕ್ಷರ ಯಾವುದೂ ನನಗೆ ಕಾಣುವುದಿಲ್ಲ. ಈ ಸ್ಕೆಚ್ ಪೆನ್ನು ಸಿಟ್ಟಲ್ಲ ಶಶಿ. ಇದಕ್ಕಿಂತ ಸಣ್ಣದಾಗಿ ಬರೆದರೆ ನಾನು ಬರೆದದ್ದು ನನಗೇ ಕಾಣುವುದಿಲ್ಲ. ನಿನ್ನ ಪತ್ರಗಳನ್ನು ಭೂತಗನ್ನಡಿ ಹಿಡಿದು, ಒಂದು ಪದ ಹಿಡಿದು ಇನ್ನೊಂದು ಪದ ಬಿಟ್ಟು ಓದುತ್ತೇನೆ.

ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ಹೇಳಿದ್ದರೆ ಆ ಶಾಲು ಜನವರಿಯಲ್ಲೇ ಬರುತ್ತಿತ್ತು.

ಇನ್ನು ನಿನ್ನ ಟಿವಿ. ಮೊದಲ ದಿನ ಹಚ್ಚಿದಾಗ ಕಣ್ಣಿಗೆ ಬೆಂಕಿ ಹಿಡಿದ ಹಾಗಾಯಿತು. ಹೊಳಪು ತಗ್ಗಿಸಿದೆ. ಅಕ್ಷರ ನೋಡಲು ನಾನು ಪರದೆಯ ಹತ್ತಿರವೇ ಕೂರಬೇಕು, ಮೂಗು ತಾಗುವಷ್ಟು. ಅಷ್ಟು ಹತ್ತಿರ ಹೋದರೆ ಅದರ ಅಕ್ಷರಗಳ ಅಂಚಿಗೆ ಕೆಂಪು ನೀಲಿ ಬಣ್ಣ ಒಸರುತ್ತದೆ. ಒತ್ತಕ್ಷರಗಳೆಲ್ಲ ಮೇಲಿನ ಅಕ್ಷರದ ಕಾಲಿಗೆ ಅಂಟಿದ ಕೆಸರಿನ ಹಾಗೆ. ಸಾಲಿನ ಆ ತುದಿಯಿಂದ ಈ ತುದಿಗೆ ಕುತ್ತಿಗೆ ತಿರುಗಿಸಿ ಬರುವುದರೊಳಗೆ ಎಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಮೂರು ವಾರ ಹೋರಾಡಿದೆ. ಸೋತೆ.

ರವಿ ನಿನಗೆ ಸರಿಯಾಗಿಯೇ ಹೇಳಿದ್ದ. ಆದರೆ ಅವನ ಮಾತಿಗೆ ಬೆಲೆ ಕೊಡಲು ನೀನು ರಸ್ತೆಯ ಈಚೆ ಇರಬೇಕಿತ್ತಲ್ಲ! ಪೋಸ್ಟರಿನ ನಿಯಮ ಓದುವವರಿಗಾಗಿ ಮಾಡಿದ್ದು, ಮಾರಾಯ. ಬರೆಯುವವಳಿಗಾಗಿ ನಾವು ಯಾವತ್ತೂ ನಿಯಮ ಮಾಡಲೇ ಇಲ್ಲ. ಆಗಲೂ ನೀನು ರಸ್ತೆಯಾಚೆ ನಿಂತವನು, ನಾನು ಗೋಡೆಗೆ ಮೂಗು ತಾಗಿಸಿ ನಿಂತವಳು. ಅಲ್ಲಿಂದ ನನಗೆ ಒಂದೇ ಅಕ್ಷರ ಕಾಣುತ್ತಿತ್ತು. ಪೂರ್ತಿ ಮಾತು ನಿನ್ನ ಬಾಯಿಂದಲೇ ಕೇಳಬೇಕಿತ್ತು. ಆ ದಿನಗಳಲ್ಲಿ ನಾನು ಬರೆದದ್ದು ನಿನ್ನ ದನಿಯಲ್ಲಿ ರಸ್ತೆ ದಾಟಿ ನನ್ನ ಕಡೆಗೆ ಬರುವುದಕ್ಕಿಂತ ದೊಡ್ಡ ಸುಖ ನನಗೆ ಆಮೇಲೆ ಸಿಕ್ಕಿಲ್ಲ. ಇದನ್ನೂ ಈಗಲೇ ಹೇಳಿಬಿಡುತ್ತೇನೆ.

ಟಿವಿ ಹಾಳಾಗಿಲ್ಲ, ಹೆದರಬೇಡ. ಹೋದ ಭಾನುವಾರ ತಂಗಮ್ಮಕ್ಕ ಅದನ್ನು ಜಗಲಿಗೆ ಹೊರಿಸಿದಳು. 'ಒಳಗೆ ಇಟ್ಕೊಂಡು ಎಂತ ಮಾಡ್ತೀ, ನಾಲ್ಕು ಜನ ನೋಡ್ಲಿ' ಅಂದಳು. ಲ್ಯಾಪ್‌ಟಾಪಿನಲ್ಲಿ ಹಿಂದೆ ಕಟ್ಟಿಟ್ಟಿದ್ದ ಒಂದು ಪುಟವನ್ನು ಅದರಲ್ಲಿ ಹಾಕಿದೆವು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ರಸ್ತೆಯಾಚೆ ನಿಂತರು. ಅಕ್ಷರ ಬಲ್ಲವಳೊಬ್ಬಳು ಗಟ್ಟಿಯಾಗಿ ಓದಿದಳು. ಶಶಿ, ಗೋಡೆ ಪತ್ರಿಕೆ! ಗೋಣಿಬೀಡೇ ಎದ್ದು ಬಂದ ಹಾಗಾಯಿತು. ನಡುವೆ ತಂಗಮ್ಮಕ್ಕ ಕೂಗಿದಳು, 'ನಿಲ್ಸು ನಿಲ್ಸು! ನಾ ಹಂಗೆ ಹೇಳಿಲ್ಲ. ಮೇಸ್ತ್ರಿ ಬೈದ ಅಂದಿದ್ದು, ಹೊಡೆದ ಅಂದಿಲ್ಲ. ಹೊಡೆದದ್ದು ನಾನು.'

ರಸ್ತೆಯವರೆಲ್ಲ ನಕ್ಕರು. ತಪ್ಪು ನನ್ನದೇ. ನನ್ನ ಕಣ್ಣು ಬಿಟ್ಟ ತಪ್ಪನ್ನು ಅವಳ ಕಿವಿ ಹಿಡಿಯಿತು.

ಈಗ ನಿನಗೆ ಎಲ್ಲ ಗೊತ್ತು. ಪುಟಗಳನ್ನು ಪೇಟೆಗೆ ಕೊಡುವುದಾದರೆ ಕೊಡು. ಆದರೆ ನನಗೆ ಹೇಳಿ ಕೊಡು.

ಸುಭದ್ರಾ


ಚಿಕ್ಕಮಗಳೂರು
31 ಮಾರ್ಚ್ 2025

ಸುಭದ್ರಾ,

ದಪ್ಪ ನಿಬ್ಬಿನ ಪೆನ್ನು ತಂದು, ದೊಡ್ಡದಾಗಿ, ಸಾಲು ಬಿಟ್ಟು ಬರೆಯುತ್ತಿದ್ದೇನೆ. ಕಾಣುತ್ತದೆ ತಾನೇ?

ನನ್ನ ಕಡೆಯಿಂದಲೂ ಒಂದು ಮುಚ್ಚಿಟ್ಟ ಮಾತಿದೆ. ನಿನ್ನ ಕೊನೆಯ ಪತ್ರ ಬರುವ ಮೊದಲೇ ಸಮಿತಿ ಡಿಟಿಪಿ ಸೆಂಟರಿಗೆ ಹೇಳಿಯಾಗಿತ್ತು. ಬೇಡ ಎಂದು ನಾನು ಹೇಳಲಿಲ್ಲ. ನಿನಗೆ ಸುಸ್ತಾಗಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಿತ್ತು. ಮೊನ್ನೆ ಹೋಗಿ ಕೆಲಸ ನಿಲ್ಲಿಸಿ ಬಂದೆ. ಅವರು ಶುರುವನ್ನೂ ಮಾಡಿರಲಿಲ್ಲ, ಪುಣ್ಯ.

ಅಲ್ಲಿಂದ ನೇರ ರವಿಯ ಅಂಗಡಿಗೆ. ಈ ಸಲ ಮೆಟ್ಟಿಲು ಇಳಿಯಲಿಲ್ಲ. ಅವನು ಹೇಳಿದ ಆ ಇಪ್ಪತ್ತೇಳು ಇಂಚಿನದರ ಮುಂದೆ ಕೂತೆ, ಒಂದು ಕಣ್ಣು ಮುಚ್ಚಿ, ನೀನು ಹೇಳಿದ ಹಾಗೆ ಮೂಗು ತಾಗುವಷ್ಟು ಹತ್ತಿರ. ನಿನ್ನ ಪತ್ರ ನೋಡಿ ರವಿ ಟೈಪು ಮಾಡಿದ ತಂಗಮ್ಮಕ್ಕನ 'ಹಡೀಬೇಕಿತ್ತು' ಕಂಡಿತು. 'ತ್ತು' ಎಂಬಲ್ಲಿನ ಒತ್ತು ಬೇರೆಯಾಗಿ, ನೆಟ್ಟಗೆ, ಉಗುರಿನಿಂದ ಮೀಟಿ ತೆಗೆಯಬಹುದು ಅನ್ನುವ ಹಾಗೆ ಕಂಡಿತು. ನಿನ್ನ ಜೊತೆ ಇಷ್ಟು ವರ್ಷ ಕೆಲಸ ಮಾಡಿ ನೀನು ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತದ್ದು ಇದೇ ಮೊದಲು.

ಆದರೂ ಕೊಂಡಿಲ್ಲ. ರವಿ ಹೇಳಿದ, 'ಸಾರ್, ಈ ಸಲವೂ ನೀವೇ ಆರಿಸ್ತೀರಾ?' ನಾಚಿಕೆಯಾಯಿತು. ನೀನೇ ಬಾ. ನಿನ್ನ ಕಣ್ಣಿಂದ ಆರಿಸು. ಪರದೆಯನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಬಹುದಂತೆ, ಪುಟ ಪೂರ್ತಿ ಪೋಸ್ಟರಿನ ಹಾಗೆ ನಿಲ್ಲುತ್ತದೆ. ಮೇಜಿಗೆ ಕಬ್ಬಿಣದ ತೋಳು ಹಾಕಿ ಮುಖದ ಹತ್ತಿರ ಎಳೆದುಕೊಳ್ಳಲೂಬಹುದು. ಹಿನ್ನೆಲೆ ಕಪ್ಪು, ಅಕ್ಷರ ಬಿಳಿ ಮಾಡಿದರೆ ಕಣ್ಣಿಗೆ ಹಿತ ಎಂದ. ಅಂಗಡಿಯವನಾದರೂ ಆ ಹುಡುಗ ಮಾರಲು ಅವಸರಪಡುವುದಿಲ್ಲ.

ನಿನ್ನ ಕಣ್ಣಿನ ವಿಷಯ ಸಮಿತಿಗೆ ಹೇಳಿಲ್ಲ. ಅದು ನಿನ್ನ ಮಾತು. ನಾನು ತಿದ್ದಿ ಹೇಳುವುದಿಲ್ಲ.

ಬರುತ್ತೀಯಾ?

ಶಶಿ


ಸಂಸೆ
5 ಏಪ್ರಿಲ್ 2025

ಶಶಿ,

ಕಂಡಿತು. ಭೂತಗನ್ನಡಿ ಇಲ್ಲದೆ ಓದಿದೆ. ಸಾಲು ಡೊಂಕು, ಮೊದಲಿನ ಹಾಗೇ.

ಬರುತ್ತೇನೆ. ನನ್ನ ಷರತ್ತುಗಳನ್ನು ಕೇಳು. ಶಾಲು, ಹಾರದ ಮಾತು ಇಲ್ಲಿಗೇ ಮುಗಿಯಿತು. ಸಮಿತಿಗೆ ನನ್ನ ಕಣ್ಣಿನ ಸುದ್ದಿಯನ್ನು ನಾನೇ ಎದ್ದು ನಿಂತು ಹೇಳುತ್ತೇನೆ. 'ಅಯ್ಯೋ ಪಾಪ' ಎಂದವನನ್ನು ಅಲ್ಲೇ ವಿಚಾರಿಸಿಕೊಳ್ಳುತ್ತೇನೆ. ಪುಟಗಳನ್ನು ನನಗೆ ಕಾಣುವವರೆಗೆ ನಾನು ಕಟ್ಟುತ್ತೇನೆ. ಕಾಣದಾದ ದಿನ ಪಕ್ಕದಲ್ಲಿ ಕೂತು ಓದುವವರು ಬೇಕು, ನಾನು ಬಾಯಲ್ಲಿ ಕಟ್ಟಿಸುತ್ತೇನೆ. ಆದರೆ ತಂಗಮ್ಮಕ್ಕ ಕೇಳಿ ಹೌದೆನ್ನದ ಒಂದು ಸಾಲೂ ಅಚ್ಚಿಗೆ ಹೋಗಕೂಡದು. ಪ್ರತಿ ಪುಟವೂ ಮೊದಲು ಆ ಜಗಲಿಯ ಟಿವಿಯಲ್ಲಿ ಬರಬೇಕು, ರಸ್ತೆಯವರು ಕೇಳಬೇಕು. ಹಾಗಾಗಿ ಅದನ್ನು ವಾಪಸು ಕಳಿಸುವುದಿಲ್ಲ. ದೂರಕ್ಕೆ ಅದು, ಹತ್ತಿರಕ್ಕೆ ಇದು. ಎರಡೂ ಬೇಕು ಎಂದು ತಿಳಿಯಲು ನಮಗೆ ಇಷ್ಟು ವರ್ಷ ಹಿಡಿಯಿತು ನೋಡು.

ಮೇ ಒಂದಕ್ಕೆ ಪುಸ್ತಕ ಪೂರ್ತಿ ಆಗುತ್ತದೆ ಎಂದು ಸುಳ್ಳು ಭರವಸೆ ಕೊಡುವುದಿಲ್ಲ. ಆದಷ್ಟು ಪುಟಗಳನ್ನು ಹೊಲಿದು ಕೊಡುತ್ತೇನೆ. ಉಳಿದದ್ದು ಆಮೇಲೆ. ಅರ್ಧ ಪುಸ್ತಕ ಇರಲಿ, ಅವರ ಮಾತಿರಲಿ.

ತಂಗಮ್ಮಕ್ಕ ತಾನೂ ಬರುತ್ತಾಳಂತೆ. 'ಮಾರ್ಕೆಟ್ ರಸ್ತೆಯ ಕಾಫಿಪುಡಿ ಅಂಗಡಿ ಉಂಟಲ್ಲ, ಅವನಿಗೆ ಕಾಫಿ ಕುಯ್ದವರ ಮುಖ ತೋರಿಸಿ ಬರ್ತೇನೆ' ಎನ್ನುತ್ತಿದ್ದಾಳೆ. ತಡೆಯುವ ಧೈರ್ಯ ನನಗಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿಯುತ್ತೇವೆ. ಬಣ್ಣ ನೋಡಿ ಹತ್ತಿಸುವವಳು ಜೊತೆಗಿದ್ದಾಳೆ. ಇಳಿಯುವಲ್ಲಿ ನೀನು ಕೈಬೀಸಿ ಪ್ರಯೋಜನವಿಲ್ಲ, ಮುಖ ಕಾಣುವುದಿಲ್ಲ. ಕೂಗು. ಆ ದನಿ ಗೊತ್ತಾಗುತ್ತದೆ.

ಏಪ್ರಿಲ್ 12, ಶನಿವಾರ. ಬೆಳಿಗ್ಗೆ ಹನ್ನೊಂದು ಗಂಟೆ. ರವಿಯ ಅಂಗಡಿ, ರಸ್ತೆಯ ಈಚೆ.

ಸುಭದ್ರಾ